ಟ್ಯಾಬ್ ಪೈಪೋಟಿಯಲ್ಲಿ ಕನ್ನಡದ ಪಾಲು



ಬೆರಳಿನಿಂದ ಮುಟ್ಟಿ ನಡೆಸುವ ಚಪ್ಪಟೆ ಕಂಪ್ಯೂಟರಿಗೆ ನಾವೆಲ್ಲ ಟ್ಯಾಬ್ ಎನ್ನುತ್ತೇವೆ. ಅದನ್ನು ಮಾರಲು ಜಗತ್ತಿನ ದೊಡ್ಡ ಕಂಪನಿಗಳು 2010ರಿಂದ ಈಚೆಗೆ ನಡೆಸಿಕೊಂಡು ಬಂದಿರುವ ಪೈಪೋಟಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ಕ್ಯಾಲಿಫೋರ್ನಿಯಾ, ಸೋಲ್, ಶೆನ್‌ಜೆನ್‌ಗಳ ಈ ಪೈಪೋಟಿಗೂ ತುಂಗಭದ್ರೆಯ ನಡುವಿನ ನಮ್ಮ ವಿರೂಪಾಪುರಗಡ್ಡೆಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಬಂಧ ಹತ್ತಿರದ್ದೇ ಇದೆ. ಗಂಗಾವತಿಯ ಮೊಬೈಲ್ ಅಂಗಡಿಯಲ್ಲಿ ಮಗಳ ಓದಿಗೆಂದು ಟ್ಯಾಬ್ ಕೊಳ್ಳಲು ನಿಂತ ತಂದೆ ಮೊದಲು ಬೆಲೆ ಕೇಳುತ್ತಾನೆ. ಆಮೇಲೆ ಕೇಳುವುದು, "ಇದರಾಗ ಕನ್ನಡ ಬರತೈತೇನ್ರೀ?" ಮೊದಲ ಪ್ರಶ್ನೆಗೆ ಕಂಪನಿಗಳ ಪೈಪೋಟಿ ಒಳ್ಳೆಯ ಉತ್ತರ ಕೊಟ್ಟಿದೆ. ಎರಡನೆಯ ಪ್ರಶ್ನೆಗೆ ಉತ್ತರ ಸಿಗಲು ಬಹಳ ವರ್ಷ ಹಿಡಿಯಿತು. ಸಿಕ್ಕ ಉತ್ತರವೂ ಇನ್ನೂ ಪೂರ್ತಿಯಾಗಿಲ್ಲ. ಹೀಗೇಕಾಯಿತು, ನಾವೇನು ಮಾಡಬೇಕು ಎಂಬುದೇ ನನ್ನ ಇವತ್ತಿನ ವಿಷಯ.

ಮೊದಲು ಬೆಂಗಳೂರಿಗೆ ಹೋಗೋಣ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ 1999ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಂಪ್ಯೂಟರ್ ಒಂದನ್ನು ಅವರು ಜನರ ಮುಂದೆ ಇಟ್ಟರು. ಅದರ ಹೆಸರು ಸಿಂಪ್ಯೂಟರ್. ಅದಕ್ಕೆ ಕೀಲಿಮಣೆ ಇರಲಿಲ್ಲ. ಪರದೆಯನ್ನು ಕಡ್ಡಿಯಿಂದ ಮುಟ್ಟಿ ನಡೆಸಬೇಕಿತ್ತು. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ಲಿನಕ್ಸ್ ತಂತ್ರಾಂಶ ಅದರಲ್ಲಿತ್ತು. ಬೆಲೆ ಒಂಬತ್ತು ಸಾವಿರ ರೂಪಾಯಿ ಮೀರಬಾರದು ಎಂಬುದು ಅವರ ಗುರಿ. ಐಪ್ಯಾಡ್ ಎಂಬ ಹೆಸರು ಜಗತ್ತಿಗೆ ಗೊತ್ತಾಗುವುದಕ್ಕೆ ಆಗ ಇನ್ನೂ ಒಂಬತ್ತು ವರ್ಷ ಬಾಕಿ ಇತ್ತು.

ಸಿಂಪ್ಯೂಟರಿನ ಎರಡು ಗುಣಗಳನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅದು ಮಾತಾಡುತ್ತಿತ್ತು. ಓದು ಬರಹ ಬಾರದವರಿಗೂ ಉಪಯೋಗವಾಗಲಿ ಎಂದು, ಪರದೆಯ ಮೇಲಿನ ಅಕ್ಷರವನ್ನು ಕನ್ನಡ, ಹಿಂದಿಯಂಥ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯನ್ನು ಅದಕ್ಕೆಂದೇ ರೂಪಿಸಿದರು. ರಮೇಶ್ ಹರಿಹರನ್ ಶುರುಮಾಡಿದ 'ಧ್ವನಿ' ಎಂಬ ತಂತ್ರಾಂಶ ಈ ಕೆಲಸದಿಂದ ಹುಟ್ಟಿದ್ದು. ಇನ್ನೊಂದು ಗುಣ, ಅದನ್ನು ಊರೆಲ್ಲ ಹಂಚಿಕೊಂಡು ಬಳಸಬಹುದಿತ್ತು. ಊರಿಗೆ ಒಂದೇ ಯಂತ್ರ. ಒಬ್ಬೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್. ಕಾರ್ಡ್ ತೂರಿಸಿದರೆ ನಿಮ್ಮ ವಿವರ ನಿಮಗೆ, ಕಾರ್ಡ್ ತೆಗೆದರೆ ಯಂತ್ರ ಇನ್ನೊಬ್ಬರಿಗೆ. ಒಂದು ಕಂಪ್ಯೂಟರನ್ನು ಒಬ್ಬರೇ ಕೊಳ್ಳಲಾಗದ ಊರುಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಯೋಚನೆ ಇದು.

ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ 2004ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ಓಲಾಡಿಸಿದರೆ ಅದನ್ನು ಗುರುತಿಸುವ ಶಕ್ತಿ ಅದಕ್ಕಿತ್ತು. ಇವತ್ತು ಫೋನ್ ಅಡ್ಡ ಹಿಡಿದಾಗ ಚಿತ್ರವೂ ಅಡ್ಡ ತಿರುಗುವುದು ಇಂಥ ಶಕ್ತಿಯಿಂದಲೇ. ನಮ್ಮ ರಾಜ್ಯ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನು ಬಳಸಿ ನೋಡಿತು. ಆದರೆ ಬೇಡಿಕೆ ಕೆಲವು ಸಾವಿರದ ಆಚೆಗೆ ಹೋಗಲಿಲ್ಲ. ಇಂಥ ಯಂತ್ರಗಳ ಬೆಲೆ ಇಳಿಯಬೇಕಾದರೆ ಲಕ್ಷಗಟ್ಟಲೆ ತಯಾರಾಗಬೇಕು. ಲಕ್ಷಗಟ್ಟಲೆ ತಯಾರಾಗಬೇಕಾದರೆ ಯಾರಾದರೂ ಲಕ್ಷಗಟ್ಟಲೆ ಕೊಳ್ಳಬೇಕು. ಹಾಗೆ ಕೊಳ್ಳುವವರು ಮುಂದೆ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗುತ್ತ ಬಂತು. ಕನ್ನಡವನ್ನು ಮೊದಲ ದಿನದಿಂದ ಒಳಗೊಂಡಿದ್ದ ಯಂತ್ರ ಹೀಗೆ ಹಿಂದೆ ಉಳಿಯಿತು.

2010ರ ಜನವರಿ 27ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಪ್ಯಾಡನ್ನು ಪ್ರಕಟಿಸಿದರು. ಆರಂಭದ ಬೆಲೆ 499 ಡಾಲರ್. ಏಪ್ರಿಲ್ 3ರಂದು ಮಾರಾಟ ಶುರುವಾಗಿ ಮೊದಲ 80 ದಿನಗಳಲ್ಲೇ 30 ಲಕ್ಷ ಐಪ್ಯಾಡ್ ಖರ್ಚಾದವು. ಟ್ಯಾಬ್ ಎಂಬ ಕಲ್ಪನೆ ಆ್ಯಪಲ್‌ಗೆ ಹೊಳೆದ ಹೊಸ ಮಾತೇನೂ ಅಲ್ಲ. ಮಕ್ಕಳ ಕಲಿಕೆಗೆ ಇಂಥದ್ದೊಂದು ಬೇಕೆಂದು ಅಮೆರಿಕದ ಅಲನ್ ಕೇ 1972ರಲ್ಲೇ ಬರೆದಿದ್ದರು. ಮೈಕ್ರೋಸಾಫ್ಟ್ 2002ರಲ್ಲಿ ಟ್ಯಾಬ್ಲೆಟ್ ಪಿಸಿ ಎಂಬುದನ್ನು ತಂದಿತ್ತು. ಜನ ಅದನ್ನು ಒಪ್ಪಲಿಲ್ಲ. ಐಪ್ಯಾಡ್ ಗೆದ್ದದ್ದಕ್ಕೆ ಮುಖ್ಯ ಕಾರಣ, ಐಫೋನಿಗೆಂದು ತಯಾರಾಗಿದ್ದ ಸಾವಿರಾರು ಆ್ಯಪ್‌ಗಳು ಮೊದಲ ದಿನವೇ ಅದರಲ್ಲಿ ನಡೆಯುತ್ತಿದ್ದವು. ಕೊಂಡವರಿಗೆ ಮಾಡಲು ಕೆಲಸವಿತ್ತು, ಓದಲು ಪುಸ್ತಕವಿತ್ತು, ಮಕ್ಕಳಿಗೆ ಆಟವಿತ್ತು. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ನಮಗೆ ಬೇಕಾದದ್ದು ಇರದಿದ್ದರೆ ಯಾರೂ ಕೊಳ್ಳುವುದಿಲ್ಲ ಎಂಬ ಮಾತು ಟ್ಯಾಬ್ ಮಾರುಕಟ್ಟೆಯ ಉದ್ದಕ್ಕೂ ಮತ್ತೆ ಮತ್ತೆ ನಿಜವಾಯಿತು.

ಆ್ಯಪಲ್‌ಗೆ ಸಿಕ್ಕ ಗೆಲುವನ್ನು ಕಂಡು ಉಳಿದವರೂ ಓಡಿ ಬಂದರು. ಕೊರಿಯಾದ ಸ್ಯಾಮ್‌ಸಂಗ್ 2010ರಲ್ಲೇ ಗ್ಯಾಲಕ್ಸಿ ಟ್ಯಾಬ್ ತಂದಿತು. 2011ರಲ್ಲಿ ಮೊಟೊರೊಲಾ, ಬ್ಲ್ಯಾಕ್‌ಬೆರಿ, ಎಚ್‌ಪಿ ಸಾಲುಗಟ್ಟಿದವು. ಎಚ್‌ಪಿ ಕಂಪನಿಯ ಅನುಭವ ತಿಳಿದುಕೊಳ್ಳುವಂಥದ್ದು. ಪಾಮ್ ಎಂಬ ಕಂಪನಿಯನ್ನು 120 ಕೋಟಿ ಡಾಲರಿಗೆ ಕೊಂಡು, ಅದರ ತಂತ್ರಾಂಶ ಬಳಸಿ ಟಚ್‌ಪ್ಯಾಡ್ ಎಂಬ ಟ್ಯಾಬನ್ನು ಅದು 2011ರ ಜುಲೈ 1ರಂದು ಮಾರಾಟಕ್ಕೆ ಬಿಟ್ಟಿತು. ಆಗಸ್ಟ್ 18ಕ್ಕೆ ಆ ಯೋಜನೆಯನ್ನೇ ಕೈಬಿಟ್ಟಿತು. 499 ಡಾಲರಿನ ಟ್ಯಾಬನ್ನು 99 ಡಾಲರಿಗೆ ಮಾರಿ ಗೋದಾಮು ಖಾಲಿ ಮಾಡಬೇಕಾಯಿತು. ಮೈಕ್ರೋಸಾಫ್ಟ್ 2012ರಲ್ಲಿ ಸರ್ಫೇಸ್ ಆರ್‌ಟಿ ಎಂಬ ಟ್ಯಾಬ್ ತಂದು, ಮರುವರ್ಷ 90 ಕೋಟಿ ಡಾಲರ್ ನಷ್ಟವನ್ನು ಲೆಕ್ಕದಲ್ಲಿ ಬರೆದುಕೊಂಡಿತು. ಹಳೆಯ ವಿಂಡೋಸ್ ಕಂಪ್ಯೂಟರಿನ ತಂತ್ರಾಂಶಗಳು ಅದರಲ್ಲಿ ನಡೆಯುತ್ತಿರಲಿಲ್ಲ. ಹೊಸ ಆ್ಯಪ್‌ಗಳೂ ಸಾಕಷ್ಟು ಇರಲಿಲ್ಲ.

ಈ ಪೈಪೋಟಿಯಲ್ಲಿ ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ಅದನ್ನು ತಿಳಿದುಕೊಂಡರೆ ಬೆಲೆಯ ಗುಟ್ಟು ತಿಳಿಯುತ್ತದೆ. ಆ್ಯಪಲ್‌ಗೆ ಯಂತ್ರ ಮಾರಿದಾಗಲೇ ಲಾಭ ಬರಬೇಕು, ಆದ್ದರಿಂದ ಅದರ ಬೆಲೆ ಹೆಚ್ಚು. ಅಮೆಜಾನ್ 2011ರ ಕೊನೆಗೆ ಕಿಂಡಲ್ ಫೈರ್ ಎಂಬ ಟ್ಯಾಬನ್ನು 199 ಡಾಲರಿಗೆ ತಂದಿತು. ಟ್ಯಾಬ್ ಕೊಂಡವರು ಮುಂದೆ ಪುಸ್ತಕ, ಸಿನಿಮಾ, ಸಾಮಾನು ಎಲ್ಲವನ್ನೂ ತನ್ನ ಅಂಗಡಿಯಲ್ಲೇ ಕೊಳ್ಳುತ್ತಾರೆ ಎಂಬುದು ಅದರ ಲೆಕ್ಕ. ಗೂಗಲ್ ತನ್ನ ಆ್ಯಂಡ್ರಾಯ್ಡ್ ತಂತ್ರಾಂಶಕ್ಕೆ ಕಂಪನಿಗಳಿಂದ ಬೆಲೆ ಕೇಳಲಿಲ್ಲ. ಅದರ ಆದಾಯ ಜಾಹೀರಾತಿನಿಂದ. ಆಸುಸ್ ಕಂಪನಿಯ ಕೈಯಲ್ಲಿ ಮಾಡಿಸಿದ ನೆಕ್ಸಸ್ 7 ಟ್ಯಾಬನ್ನು ಅದೂ 2012ರಲ್ಲಿ 199 ಡಾಲರಿಗೇ ಕೊಟ್ಟಿತು. ಚೀನಾದ ಶೆನ್‌ಜೆನ್‌ನ ಸಣ್ಣ ಕಾರ್ಖಾನೆಗಳು ಅಗ್ಗದ ಚಿಪ್ ಹಾಕಿ, ಯಾರ ಹೆಸರು ಬೇಕೋ ಅವರ ಹೆಸರು ಅಂಟಿಸಿ ಲಕ್ಷಗಟ್ಟಲೆ ಟ್ಯಾಬ್ ಕಳಿಸಿದವು. ಬೆಲೆ ಇಳಿಯಿತು. ಜಗತ್ತಿನಲ್ಲಿ ಒಂದೇ ವರ್ಷಕ್ಕೆ ಮಾರಾಟವಾದ ಟ್ಯಾಬ್‌ಗಳ ಸಂಖ್ಯೆ 2014ರಲ್ಲಿ ಸುಮಾರು 23 ಕೋಟಿ ಮುಟ್ಟಿತು. ಆಮೇಲೆ ಫೋನಿನ ಪರದೆಯೇ ದೊಡ್ಡದಾಗುತ್ತ ಬಂದದ್ದರಿಂದ ಟ್ಯಾಬ್ ಮಾರಾಟ ಕುಗ್ಗಿತು. 2020ರ ಕೊರೊನಾ ಕಾಲದಲ್ಲಿ ಮಕ್ಕಳ ಪಾಠಕ್ಕೆಂದು ಮತ್ತೆ ಏರಿತು.

ಭಾರತದ ಕಡೆ ಬರೋಣ. ಐಪ್ಯಾಡ್ 2011ರ ಜನವರಿ ಕೊನೆಯಲ್ಲಿ ಇಲ್ಲಿಗೆ ಬಂದಾಗ ಅದರ ಕನಿಷ್ಠ ಬೆಲೆ 27,900 ರೂಪಾಯಿ. ಅದೇ ವರ್ಷ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ 'ಆಕಾಶ್' ಟ್ಯಾಬನ್ನು ಬಿಡುಗಡೆ ಮಾಡಿದರು. ಡೇಟಾವಿಂಡ್ ಎಂಬ ಕಂಪನಿ ಸರ್ಕಾರಕ್ಕೆ ಅದನ್ನು ಸುಮಾರು 2,250 ರೂಪಾಯಿಗೆ ಕೊಡಲು ಒಪ್ಪಿತ್ತು. ಜಗತ್ತಿನ ಅತಿ ಅಗ್ಗದ ಟ್ಯಾಬ್ ಎಂದು ಪತ್ರಿಕೆಗಳೆಲ್ಲ ಬರೆದವು. ವಿದ್ಯಾರ್ಥಿಗಳ ಕೈಗೆ ಕಂಪ್ಯೂಟರ್ ಸಿಗಲಿ ಎಂಬ ಆಸೆ ದೊಡ್ಡದು. ಆ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೆ ಬೆಲೆಯನ್ನೇ ಮೊದಲ ಷರತ್ತು ಮಾಡಿಕೊಂಡದ್ದರಿಂದ ಯಂತ್ರ ಬಡವಾಯಿತು. 366 ಮೆಗಾಹರ್ಟ್ಸ್‌ನ ನಿಧಾನ ಪ್ರೊಸೆಸರ್, ಒತ್ತಿ ಒತ್ತಿ ಮುಟ್ಟಬೇಕಾದ ಪರದೆ, ಬೇಗ ಮುಗಿಯುವ ಬ್ಯಾಟರಿ. ಅದು ನಡೆಯುತ್ತಿದ್ದದ್ದು ಆ್ಯಂಡ್ರಾಯ್ಡ್ 2.2ರ ಮೇಲೆ. ಆ ಆವೃತ್ತಿಯ ಮೂಲ ರೂಪದಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಮರುವರ್ಷ ಬಂದ ಆಕಾಶ್ 2 ಎಷ್ಟೋ ಮೇಲಾಗಿತ್ತು. ಅಷ್ಟರಲ್ಲಿ ಮೈಕ್ರೋಮ್ಯಾಕ್ಸ್, ಕಾರ್ಬನ್, ಐಬಾಲ್‌ನಂಥ ದೇಶಿ ಹೆಸರುಗಳು ಆರೇಳು ಸಾವಿರ ರೂಪಾಯಿಯ ಟ್ಯಾಬ್‌ಗಳನ್ನು ಪೇಟೆಗೆ ತಂದಿದ್ದವು. ಜನ ಆ ಕಡೆ ತಿರುಗಿದರು.

ಬೆಂಗಳೂರಿನ ಇನ್ನೊಂದು ಪ್ರಯತ್ನವನ್ನೂ ಹೇಳಬೇಕು. ರೋಹನ್ ಶ್ರವಣ್ ಮತ್ತು ಗೆಳೆಯರು ಕಟ್ಟಿದ ನೋಷನ್ ಇಂಕ್ ಕಂಪನಿ 2010ರ ಜನವರಿಯಲ್ಲಿ, ಐಪ್ಯಾಡ್ ಪ್ರಕಟವಾಗುವ ಮೊದಲೇ, 'ಆ್ಯಡಮ್' ಎಂಬ ಟ್ಯಾಬಿನ ಮಾದರಿಯನ್ನು ಅಮೆರಿಕದ ಪ್ರದರ್ಶನದಲ್ಲಿ ತೋರಿಸಿತು. ಅದರ ಪರದೆಯನ್ನು ಸುಡುಬಿಸಿಲಿನಲ್ಲೂ ಕಣ್ಣಿಗೆ ಶ್ರಮವಿಲ್ಲದೆ ಓದಬಹುದಿತ್ತು. ಹಿಂಬೆಳಕು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತಿತ್ತು. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಗದ್ದೆಯ ಬದುವಿನಲ್ಲಿ, ಶಾಲೆಯ ಅಂಗಳದಲ್ಲಿ ನಿಂತು ಈಗಿನ ಟ್ಯಾಬ್ ತೆರೆದರೆ ಪರದೆಯಲ್ಲಿ ಕಾಣುವುದು ನಮ್ಮ ಮುಖವೇ. ಆದರೆ ಆ್ಯಡಮ್ ಕೊಳ್ಳುವವರ ಕೈ ಸೇರಲು 2011 ಆಯಿತು. ಗೂಗಲ್‌ನ ಆ್ಯಪ್ ಅಂಗಡಿ ಅದರಲ್ಲಿ ಇರಲಿಲ್ಲ. ಸಣ್ಣ ಕಂಪನಿಗೆ ದೊಡ್ಡವರ ಎದುರು ನಿಲ್ಲುವಷ್ಟು ಹಣವೂ ಇರಲಿಲ್ಲ. ಬಿಸಿಲಿನಲ್ಲಿ ಓದಬಲ್ಲ ಪರದೆ ನಮ್ಮಂಥ ನಾಡಿಗೆ ಎಷ್ಟು ಬೇಕೋ ಅಷ್ಟು ಅಮೆರಿಕದ ಕೊಳ್ಳುಗರಿಗೆ ಬೇಕಿರಲಿಲ್ಲ. ಆದ್ದರಿಂದ ದೊಡ್ಡ ಕಂಪನಿಗಳೂ ಅದರ ಹಿಂದೆ ಬೀಳಲಿಲ್ಲ.

ನನ್ನ ಮುಖ್ಯ ಮಾತು ಇಲ್ಲಿದೆ. ಪೈಪೋಟಿ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಾಗೆ. ಮೇಲ್ಭಾಗದ ಗದ್ದೆಗಳಿಗೆ ಅದು ತಾನಾಗಿಯೇ ತುಂಬಿ ಹರಿಯುತ್ತದೆ. ಮಾನ್ವಿ, ಸಿರವಾರದ ಕಡೆಯ ಕೊನೆಭಾಗದ ರೈತರಿಗೆ ಮುಟ್ಟಬೇಕಾದರೆ ಗೇಜ್ ಗೊತ್ತುಮಾಡಬೇಕು, ಸರದಿ ಹಾಕಬೇಕು, ರೈತರು ಒಟ್ಟಾಗಿ ನಿಂತು ಕೇಳಬೇಕು. ಟ್ಯಾಬ್ ಮಾರುಕಟ್ಟೆಯಲ್ಲಿ ಇಂಗ್ಲಿಷ್ ಓದುವ, ಕಾರ್ಡಿನಲ್ಲಿ ಹಣ ಕಟ್ಟುವ ಕೊಳ್ಳುಗ ಮೇಲ್ಭಾಗದವನು. ಕನ್ನಡದ ಓದುಗ ಕೊನೆಭಾಗದವನು. ಅವನ ಪಾಲು ತಾನಾಗಿ ಬರಲಿಲ್ಲ.

ಎಷ್ಟು ತಡವಾಗಿ ಬಂತು ಎಂಬುದಕ್ಕೆ ಇಸವಿಗಳೇ ಸಾಕ್ಷಿ. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಅಂದರೆ ತಾಂತ್ರಿಕವಾಗಿ ದಾರಿ ಅಂದೇ ಸಿದ್ಧವಾಗಿತ್ತು. ಆದರೂ ಆ್ಯಂಡ್ರಾಯ್ಡ್‌ನ ಮೊದಲ ಆವೃತ್ತಿಗಳಲ್ಲಿ ಕನ್ನಡದ ಜಾಲತಾಣ ತೆರೆದರೆ ಅಕ್ಷರದ ಬದಲು ಖಾಲಿ ಚೌಕಗಳ ಸಾಲು ಕಾಣುತ್ತಿತ್ತು. ಫಾಂಟ್ ಹಾಕಿಕೊಂಡರೂ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತಿದ್ದವು. ಆ ದಿನಗಳಲ್ಲಿ ಕನ್ನಡ ಓದಲು ಹಂಬಲಿಸಿದವರು ಒಪೆರಾ ಮಿನಿ ಎಂಬ ಬ್ರೌಸರ್ ಹಾಕಿಕೊಂಡು, ಅದರ ಸೆಟ್ಟಿಂಗ್‌ನೊಳಗೆ ಹೋಗಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದಿದರು. 2012ರಲ್ಲಿ ಬಂದ ಆ್ಯಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಭಾಷೆಗಳಿಗೆ ಬೆಂಬಲ ಸಿಕ್ಕಿತು. ಐಪ್ಯಾಡಿನಲ್ಲಿ ಕನ್ನಡ ಓದಲು ಆಗುತ್ತಿತ್ತು. ಬರೆಯಲು ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಒಎಸ್ 11ರಲ್ಲಿ, ಐಪ್ಯಾಡ್ ಹುಟ್ಟಿ ಏಳು ವರ್ಷವಾದ ಮೇಲೆ. ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿ ಮೂಡುವ ಸೌಲಭ್ಯವನ್ನು ಗೂಗಲ್ ಕೊಟ್ಟದ್ದೂ 2017ರಲ್ಲೇ. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂದು ಐದು ಭಾಷೆ ಆರಿಸಿತು. ಆ ಐದರಲ್ಲಿ ಕನ್ನಡ ಇರಲಿಲ್ಲ.

ಈ ನಡುವೆ ಕಂಪನಿಗಳು ಸುಮ್ಮನೆ ಕೂತಿರಲಿಲ್ಲ. ಟ್ಯಾಬಿನ ಆಕಾರ ಯಾರದು ಎಂದು ಆ್ಯಪಲ್ ಮತ್ತು ಸ್ಯಾಮ್‌ಸಂಗ್ 2011ರಿಂದ ದೇಶ ದೇಶಗಳ ಕೋರ್ಟುಗಳಲ್ಲಿ ಹೋರಾಡಿದವು. ಜರ್ಮನಿಯಲ್ಲಿ ಗ್ಯಾಲಕ್ಸಿ ಟ್ಯಾಬ್ ಮಾರಾಟಕ್ಕೆ ತಡೆ ಬಂದು, ಸ್ಯಾಮ್‌ಸಂಗ್ ಅದರ ಅಂಚನ್ನೇ ಬದಲಿಸಿ ಹೊಸದಾಗಿ ತಂದಿತು. ಅಷ್ಟು ಬುದ್ಧಿ, ಅಷ್ಟು ಹಣ ಒಂದು ಅಂಚಿನ ಮೇಲೆ ಖರ್ಚಾದ ಅದೇ ವರ್ಷಗಳಲ್ಲಿ ಕೋಟಿಗಟ್ಟಲೆ ಜನರ ಭಾಷೆ ಪರದೆಯ ಮೇಲೆ ಸರಿಯಾಗಿ ಮೂಡಲು ಕಾಯಬೇಕಾಯಿತು ಎಂಬುದು ನನಗೆ ನೋವಿನ ಸಂಗತಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ಸೀಮೆಯನ್ನು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ನಮ್ಮ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು ಹೆಸರಿಸುತ್ತದೆ. ಆ ನೆಲದ ಮಕ್ಕಳಿಗೆ ಸೇರಬೇಕಾದ ಪಾಲು ಇದು.

ಕನ್ನಡಿಗರು ಕೈಕಟ್ಟಿ ಕೂತಿದ್ದರು ಎಂದು ದಯವಿಟ್ಟು ತಿಳಿಯಬೇಡಿ. ಇವತ್ತು ಬಹಳಷ್ಟು ಕನ್ನಡಿಗರು ಬಳಸುವ ಕೀಲಿಮಣೆ ವಿನ್ಯಾಸದ ಹಿಂದೆ ಕೆ. ಪಿ. ರಾವ್ ಅವರ ದೀರ್ಘ ದುಡಿಮೆ ಇದೆ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ನಮ್ಮ ಕಚೇರಿ, ಪತ್ರಿಕೆಗಳಿಗೆ ಕನ್ನಡವನ್ನು ತಂದವು. ಪೂರ್ಣಚಂದ್ರ ತೇಜಸ್ವಿ ಅವರು ಕನ್ನಡ ತಂತ್ರಾಂಶದ ಬಗ್ಗೆ ಬಹಳ ತಲೆಕೆಡಿಸಿಕೊಂಡಿದ್ದರು. ನಮ್ಮ ಹೊಳೆಯ ಆಚೆ ದಡದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಜೊತೆಗೂಡಿ ಕುವೆಂಪು ತಂತ್ರಾಂಶ ಬರುವಂತೆ ಮಾಡಿದರು. ಟ್ಯಾಬ್ ಮತ್ತು ಫೋನಿಗೆ ಕನ್ನಡ ಕೀಲಿಮಣೆಯ ಆ್ಯಪ್‌ಗಳನ್ನು ಎಷ್ಟೋ ತರುಣರು ಕಂಪನಿಗಳಿಗಿಂತ ಮೊದಲೇ ಮಾಡಿಕೊಟ್ಟರು. ಕಿಂಡಲ್ ಬಾಗಿಲು ತೆರೆಯದೆ ಇದ್ದಾಗ 2020ರಲ್ಲಿ ಮೈಲ್ಯಾಂಗ್ ಎಂಬ ಕನ್ನಡ ಇ-ಪುಸ್ತಕದ ಆ್ಯಪ್ ಬಂತು. ಅಭಿಮಾನದಿಂದ ಮಾಡಿದ ಕೆಲಸಗಳು ಇವು. ಆದರೆ ಯಂತ್ರ ಕಾರ್ಖಾನೆಯಿಂದ ಹೊರಬರುವಾಗಲೇ ಅದರಲ್ಲಿ ಕನ್ನಡ ಇರುವಂತೆ ಮಾಡಲು ಅಭಿಮಾನದ ಜೊತೆಗೆ ಷರತ್ತೂ ಬೇಕು.

ಷರತ್ತು ಹಾಕಿದರೆ ಆಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಭಾರತೀಯ ಮಾನಕ ಬ್ಯೂರೋ ಐಎಸ್ 16333 ಎಂಬ ಮಾನಕವನ್ನು ರೂಪಿಸಿತು. ಭಾರತದಲ್ಲಿ ಮಾರುವ ಮೊಬೈಲ್ ಫೋನಿನಲ್ಲಿ ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು, 22 ಭಾಷೆಗಳನ್ನೂ ಓದಲು ಬರಬೇಕು ಎಂದು ಅದು ಹೇಳಿತು. ಕೇಂದ್ರ ಸರ್ಕಾರ 2016ರಲ್ಲಿ ಅದನ್ನು ಕಡ್ಡಾಯ ಮಾಡಿ ಆದೇಶ ಹೊರಡಿಸಿತು. ಕಂಪನಿಗಳು ಕಾಲಾವಕಾಶ ಕೇಳಿದವು, ಅವಧಿ ಮುಂದೆ ಹೋಯಿತು, ಆದರೂ ಜಾರಿಗೆ ಬಂತು. ಒಬ್ಬ ಗ್ರಾಹಕ ಅಂಗಡಿಯಲ್ಲಿ ಕೇಳಿ ಪಡೆಯಲಾಗದ್ದನ್ನು ದೇಶ ಕೇಳಿದಾಗ ಕಂಪನಿಗಳು ಕೊಟ್ಟವು.

ಕೈಯಲ್ಲಿ ಟ್ಯಾಬ್ ಇಲ್ಲದಿರುವುದರ ಬಿಸಿ ನಮ್ಮ ಗಡ್ಡೆಗೆ ತಟ್ಟಿದ್ದು 2020ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಹಂಪಿಯ ಪರಂಪರೆಯ ಪ್ರದೇಶದಲ್ಲಿ ಕಟ್ಟಿದ ರೆಸಾರ್ಟ್‌ಗಳ ವಿರುದ್ಧ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮಾರ್ಚ್ ಮೊದಲ ವಾರ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ತೆರವು ಮಾಡಿದರು. ಹಂಪಿಯ ಪರಂಪರೆಯನ್ನು ಕಾಯಬೇಕಾದದ್ದು ನಿಜ. ಅಲ್ಲಿ ಅಡುಗೆ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಹರಿಗೋಲು ಹಾಕುತ್ತಿದ್ದವರು ದುಡಿಮೆ ಕಳೆದುಕೊಂಡದ್ದೂ ಅಷ್ಟೇ ನಿಜ. ಅದೇ ತಿಂಗಳ ಕೊನೆಯಲ್ಲಿ ದೇಶಕ್ಕೆಲ್ಲ ಲಾಕ್‌ಡೌನ್ ಬಂತು. ಶಾಲೆ ಮುಚ್ಚಿದವು, ಪಾಠ ಆನ್‌ಲೈನ್ ಎಂದರು. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲೇ ಮಕ್ಕಳಿಗೆ ದೊಡ್ಡ ಪರದೆ ಬೇಕಾಯಿತು. ಶಿಕ್ಷಣ ಇಲಾಖೆ ವಿದ್ಯಾಗಮ ಎಂಬ ಕಲಿಕಾ ಕಾರ್ಯಕ್ರಮ ನಡೆಸಿತು, ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು, ಆಕಾಶವಾಣಿಯೂ ಪಾಠ ಪ್ರಸಾರ ಮಾಡಿತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಶುರುಮಾಡಿತು. ಸಿಂಪ್ಯೂಟರಿಗೆ ಸಿಗದಿದ್ದ ಲಕ್ಷದ ಬೇಡಿಕೆ ಎಂದರೆ ಇದೇ. ಒಂದೂವರೆ ಲಕ್ಷ ಟ್ಯಾಬ್ ಒಮ್ಮೆಗೆ ಕೊಳ್ಳುವವರ ಮಾತನ್ನು ಯಾವ ಕಂಪನಿಯೂ ತಳ್ಳಿಹಾಕುವುದಿಲ್ಲ. ಸರ್ಕಾರದ ಟೆಂಡರ್ ಎಂಬುದು ಬೆಲೆ ಇಳಿಸುವ ಕಾಗದ ಮಾತ್ರವೇ ಆಗಬಾರದು. ನಾಡಿಗೆ ಬೇಕಾದದ್ದನ್ನು ಬರೆದು ಕೇಳುವ ಜಾಗವೂ ಅದೇ.

ಹಾಗಾದರೆ ಆ ಟೆಂಡರಿನಲ್ಲಿ ಏನು ಬರೆಯಬೇಕು? ಯಂತ್ರ ಆನ್ ಮಾಡಿದ ಕೂಡಲೇ ಎಲ್ಲವೂ ಕನ್ನಡದಲ್ಲಿ ಕಾಣಬೇಕು. ಸೆಟ್ಟಿಂಗ್ ಹುಡುಕಿಕೊಂಡು ಹೋಗುವ ಕೆಲಸ ಮಗುವಿಗೆ ಇರಬಾರದು. ಕನ್ನಡದಲ್ಲಿ ಬರೆಯಲು, ಕನ್ನಡವನ್ನು ಓದಿಸಿ ಕೇಳಲು ಬರಬೇಕು. ಕಣ್ಣು ಕಾಣದ ಮಕ್ಕಳಿಗೆ ಓದಿ ಹೇಳುವ ಸೌಲಭ್ಯವೇ ಪಠ್ಯಪುಸ್ತಕ ಎಂಬುದನ್ನು ಮರೆಯಬಾರದು.

ನೆಟ್ ಇಲ್ಲದೆಯೂ ಕೆಲಸ ಮಾಡಬೇಕು. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಾಗ ನಮ್ಮ ಗಡ್ಡೆಯ ಪಾಡು ಏನಾಗುತ್ತದೆ ಎಂದು ಈ ಕಡೆಯ ಕೇಳುಗರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ರಕ್ಷಣಾ ತಂಡಗಳು ಹೊರತಂದವು. ಹರಿಗೋಲು ನಿಲ್ಲುತ್ತದೆ, ಕರೆಂಟ್ ಹೋಗುತ್ತದೆ, ಟವರ್ ಸುಮ್ಮನಾಗುತ್ತದೆ. ನೆಟ್ ಬಂದರೆ ಮಾತ್ರ ತೆರೆದುಕೊಳ್ಳುವ ಪಾಠ ಆ ದಿನಗಳಲ್ಲಿ ಇದ್ದೂ ಇಲ್ಲದಂತೆ. ಕೇಂದ್ರ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಪಾಠವನ್ನು ಇಳಿಸಿಟ್ಟುಕೊಳ್ಳಬಹುದು. ಅದೇ ರೀತಿ ಕನ್ನಡದ ಎಲ್ಲ ಪಠ್ಯಪುಸ್ತಕಗಳು, ಒಂದು ಒಳ್ಳೆಯ ನಿಘಂಟು, ನೂರಾರು ಕಥೆ ಪುಸ್ತಕಗಳು ಟ್ಯಾಬಿನೊಳಗೆ ತುಂಬಿಕೊಂಡೇ ಬರಬೇಕು. ಇದಕ್ಕೆ ತಗಲುವ ಖರ್ಚು ಬಹಳ ಕಡಿಮೆ, ಉಪಯೋಗ ಬಹಳ ಹೆಚ್ಚು.

ರಿಪೇರಿಯ ಮಾತು ಇನ್ನೂ ಮುಖ್ಯ. ಟ್ಯಾಬಿನ ಡಿಸ್‌ಪ್ಲೇ ಒಡೆಯುತ್ತದೆ, ಚಾರ್ಜಿಂಗ್ ಪಿನ್ ಸಡಿಲಾಗುತ್ತದೆ, ಎರಡು ಮೂರು ವರ್ಷಕ್ಕೆ ಬ್ಯಾಟರಿ ಉಬ್ಬುತ್ತದೆ. ಬಿಡಿಭಾಗಕ್ಕಾಗಿ ಬೆಂಗಳೂರಿನ ದಾರಿ ಹಿಡಿಯಬೇಕಾದರೆ ಆ ಟ್ಯಾಬ್ ಕಪಾಟು ಸೇರಿತೆಂದೇ ಲೆಕ್ಕ. ತಾಲ್ಲೂಕಿಗೆ ಒಂದು ಸೇವಾ ಕೇಂದ್ರ, ಐದು ವರ್ಷ ಬಿಡಿಭಾಗ, ಅಷ್ಟೇ ವರ್ಷ ಸುರಕ್ಷತೆಯ ಅಪ್‌ಡೇಟ್ ಎಂದು ಕರಾರಿನಲ್ಲೇ ಇರಬೇಕು. ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಮೊಬೈಲ್ ರಿಪೇರಿ ಹುಡುಗರಿಗೆ ತರಬೇತಿ ಕೊಟ್ಟರೆ ಅವರಿಗೂ ದುಡಿಮೆ, ಯಂತ್ರಕ್ಕೂ ಆಯುಸ್ಸು.

ಷರತ್ತು ಹಾಕಲು ಇದು ಒಳ್ಳೆಯ ಕಾಲ. ಟ್ಯಾಬ್, ಲ್ಯಾಪ್‌ಟಾಪ್‌ಗಳು ಭಾರತದಲ್ಲೇ ತಯಾರಾಗಲಿ ಎಂದು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ 17,000 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಸ್ಯಾಮ್‌ಸಂಗ್, ಲೆನೊವೊ, ಶಿಯೋಮಿ, ಆ್ಯಪಲ್ ಎಲ್ಲರಿಗೂ ಈಗ ಭಾರತದ ಮಾರುಕಟ್ಟೆ ಬೇಕು. ಜನರ ಹಣದಿಂದ ಪ್ರೋತ್ಸಾಹ ಪಡೆಯುವ ಕಂಪನಿ ಜನರ ಭಾಷೆಗಳಿಗೆ ಪೂರ್ತಿ ಜಾಗ ಕೊಡಬೇಕು ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಸಿಂಪ್ಯೂಟರ್ ಕಟ್ಟಿದವರ ಇನ್ನೊಂದು ಯೋಚನೆಗೂ ಈಗ ಕಾಲ ಕೂಡಿ ಬಂದಿದೆ. ಯಂತ್ರ ಊರಿನದು, ವಿವರ ಅವರವರದು ಎಂಬ ಯೋಚನೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸರ್ಕಾರ ಅರಿವು ಕೇಂದ್ರಗಳೆಂದು ಕರೆದು ಕಂಪ್ಯೂಟರ್ ಕೊಡುತ್ತ ಬಂದಿದೆ. ಅಲ್ಲಿ ಒಂದು ಕಪಾಟಿನಲ್ಲಿ ಚಾರ್ಜ್ ಆಗಿರುವ ಹತ್ತು ಟ್ಯಾಬ್ ಇರಲಿ. ಒಂದೊಂದರಲ್ಲೂ ಹಲವರಿಗೆ ಬೇರೆ ಬೇರೆ ಖಾತೆ ತೆರೆಯಲು ಈಗಿನ ಆ್ಯಂಡ್ರಾಯ್ಡ್‌ನಲ್ಲಿ ಅವಕಾಶವಿದೆ. ಟ್ಯಾಬ್ ಕೊಳ್ಳಲಾಗದ ಮನೆಯ ಮಗು ಸಂಜೆ ಅಲ್ಲಿ ಕೂತು ಓದಲಿ. ಅಕ್ಷರ ಬಾರದ ಅಜ್ಜಿ ತನ್ನ ಪಿಂಚಣಿಯ ವಿವರವನ್ನು ಯಂತ್ರದ ಬಾಯಿಂದ ಕನ್ನಡದಲ್ಲೇ ಕೇಳಲಿ. ಭತ್ತ ಬೆಳೆದ ರೈತ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತನ್ನ ಹೊಲದ ವಿವರವನ್ನು ದೊಡ್ಡ ಪರದೆಯ ಮೇಲೆ ನೋಡಿ ಸರಿ ಇದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲಿ. ಹತ್ತು ಟ್ಯಾಬ್‌ಗೆ ತಗಲುವ ಹಣ ಒಂದು ಪಂಚಾಯಿತಿಗೆ ಭಾರವಲ್ಲ.

ಕೇಳುಗ ಬಂಧುಗಳೇ, ನಿಮ್ಮ ಪಾಲಿಗೂ ಒಂದು ಕೆಲಸ ಇದೆ. ಮುಂದೆ ನೀವು ಟ್ಯಾಬ್ ಕೊಳ್ಳಲು ಹೋದಾಗ ಅಂಗಡಿಯವರ ಎದುರೇ ಅದನ್ನು ಆನ್ ಮಾಡಿಸಿ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಕೊಡಿ ಎನ್ನಿ. ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆಸಿ ನೋಡಿ. ನೆಟ್ ಬಂದ್ ಮಾಡಿಸಿ, ಏನೇನು ನಡೆಯುತ್ತದೆ ಎಂದು ನೋಡಿ. ಹೊರಗೆ ಬಿಸಿಲಿಗೆ ಹಿಡಿದು ನೋಡಿ. ಡಿಸ್‌ಪ್ಲೇ ಹೋದರೆ ಎಲ್ಲಿ ಹಾಕಿಸಬೇಕು, ಎಷ್ಟಾಗುತ್ತದೆ ಎಂದು ಕೇಳಿ. ಉತ್ತರ ಸರಿಬರದಿದ್ದರೆ ಬೇರೆ ಕಂಪನಿಯದ್ದು ತೋರಿಸಿ ಎನ್ನಿ. ಇವತ್ತು ಹತ್ತು ಕಂಪನಿಗಳು ನಿಮಗಾಗಿ ಪೈಪೋಟಿ ಮಾಡುತ್ತಿವೆ. ನಿಮ್ಮ ಪ್ರಶ್ನೆ ಅಂಗಡಿಯವರಿಗೆ ಮುಟ್ಟುತ್ತದೆ, ಅಂಗಡಿಯವರಿಂದ ವಿತರಕರಿಗೆ, ವಿತರಕರಿಂದ ಕಂಪನಿಗೆ ಮುಟ್ಟುತ್ತದೆ. ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ಅರಿವು ಕೇಂದ್ರದ ಟ್ಯಾಬ್‌ಗಳ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಇಂಗ್ಲಿಷ್ ಓದುವ ಕೊಳ್ಳುಗರು ಕೇಳಿ ಕೇಳಿ ತಮಗೆ ಬೇಕಾದ ಟ್ಯಾಬನ್ನು ಮಾಡಿಸಿಕೊಂಡರು. ನಾವೂ ಕೇಳೋಣ, ಕನ್ನಡದಲ್ಲೇ ಕೇಳೋಣ, ಸಿಗುವ ತನಕ ಕೇಳೋಣ.